ಹುಂಜವಿಲ್ಲದ ಓಣಿ

ಸಿಟ್ಟು ಬಂದಾಗ ಮಾತ್ರ ಮೂಲಿಮನಿ ದೊಡ್ಡವ್ವ ರೀ ಹಚ್ಚಿ ಮಾತಾಡುತ್ತಿದ್ದಳು. ಉಳಿದ ಹೊತ್ತಿನಲ್ಲಿ ಓಣಿಯ ಸಣ್ಣವರು ದೊಡ್ಡವರೆಲ್ಲ ಅವಳ ಬಾಯಲ್ಲಿ ಲೇ, ಬೇ. "ಬಾರಬೇ, ಕೂಡು, ನೀರು ಕುಡಿ" ಎಂದರೆ ನೀವು ಗೆದ್ದಿರಿ. "ಬರ್ರಿ, ಕೂಡ್ರಿ, ನೀರು ಕುಡೀರಿ" ಎಂದಳೋ, ಅಲ್ಲಿಂದ ಕಾಲು ಕೀಳುವುದೇ ಒಳ್ಳೆಯದು. ನಾನು ಇಜೇರಿಯಿಂದ ಮದುವೆಯಾಗಿ ಆಳಂದಕ್ಕೆ ಬಂದ ಹೊಸದರಲ್ಲಿ, ಬಾವಿಯ ದಾರಿಯಲ್ಲಿ ಆಕೆ ನನ್ನನ್ನು ನಿಲ್ಲಿಸಿ, "ಏನ್ರಿ ತಂಗಿ, ಆರಾಮ ಅದೀರಿ?" ಎಂದಳು. ಎಂಥ ಮರ್ಯಾದಸ್ತ ಹೆಂಗಸು ಎಂದು ಹಿಗ್ಗಿ ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಆಗ ತಿಳಿಯಿತು, ನಮ್ಮ ಮನೆಗೂ ಅವಳಿಗೂ ನಡುವೆ ಬೆಂಕಿ ಬಿದ್ದು ಕೆಲವು ತಿಂಗಳಾಗಿತ್ತು. ಬೆಂಕಿ ಹಚ್ಚಿದ್ದು ಒಂದು ಕೋಳಿ.

ಮೊನ್ನೆ ನಾವು ಈಗಿರುವ ಬಡಾವಣೆಯ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಮನೆಗಳ ನಡುವೆ ಕೋಳಿ ಸಾಕಬಾರದು ಎಂದು ನಿಯಮ ಮಾಡಬೇಕೆಂದರು. ಇನ್ನೊಬ್ಬರು, ಕೋಳಿ ಇರಲಿ, ಹುಂಜ ಮಾತ್ರ ಬೇಡ ಎಂದರು. ಎಲ್ಲರೂ ತಲೆದೂಗಿದರು. ಇಷ್ಟು ವರ್ಷದ ಮೇಲೂ ಆ ಮಾತು ಕೇಳಿದರೆ ನನಗೆ ಕಾಣುವುದು ಬೇವಿನ ಕಟ್ಟೆಯ ಮೇಲೆ ಇಟ್ಟ ಒಂದು ಬುಟ್ಟಿ ಮತ್ತು ಅದರ ಪಕ್ಕದಲ್ಲಿ ಸೆರಗು ಬಿಗಿದು ನಿಂತ ದೊಡ್ಡವ್ವ.

ಅವಳ ಹೆಸರನ್ನು ಬರೆಯುವುದಿಲ್ಲ. ಹೆಸರು ಹಿಡಿದು ಕರೆಯುವ ಹಕ್ಕಿದ್ದವರು ಅವಳಿಗಿಂತ ಮೊದಲೇ ಹೋದರು. ಓಣಿಯ ಮೂಲೆಯ ಮನೆಯವಳು, ಆದ್ದರಿಂದ ಎಲ್ಲರ ಬಾಯಲ್ಲೂ ಮೂಲಿಮನಿ ದೊಡ್ಡವ್ವ.

ಆಗ ನಿಜಾಮರ ಆಳಿಕೆ. ಕಚೇರಿಯ ಹುಕುಂ ಉರ್ದುವಿನಲ್ಲಿ ಬರುತ್ತಿತ್ತು. ಡಂಗುರದವನು ಬಂದು, ತಿಪ್ಪೆ ಊರ ಹೊರಗಿರಲಿ, ದನ ಬೀದಿಗೆ ಬಿಡಬೇಡಿ ಎಂದು ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಸಾರಿ ಹೋಗುತ್ತಿದ್ದ. ಅದನ್ನು ನಮ್ಮ ಓಣಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ನಡೆಯುತ್ತಿದ್ದುದು ದೈವದ ಮಾತು. ದೈವ ಎಂದರೆ ದೇವರಲ್ಲ, ಓಣಿಯ ಹಿರಿಯರ ಕೂಟ. ಬೇವಿನ ಕಟ್ಟೆಯ ಮೇಲೆ ಕೂಡಿ ಅವರು ಆಡಿದ್ದೇ ಕಾಯಿದೆ. ದೈವದಲ್ಲಿ ಮುಂದೆ ಕೂಡುತ್ತಿದ್ದವರು ನಮ್ಮ ಮಾವನವರು. ಬದುವಿನ ಜಗಳವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಅವರು ಫೈಸಲಾ ಮಾಡಿದರೆ ಎರಡೂ ಕಡೆಯವರು ಎದ್ದು ಹೋಗುವಾಗ ತಾವೇ ಗೆದ್ದೆವು ಎಂದುಕೊಳ್ಳುತ್ತಿದ್ದರು. ಅಷ್ಟು ಚಾಣಾಕ್ಷರು ಎಂದು ಹೆಸರು.

ಓಣಿ ಪೂರ್ತಿ ಲಿಂಗವಂತರದು. ಅರ್ಧ ವ್ಯಾಪಾರದವರು, ಅರ್ಧ ಒಕ್ಕಲುತನದವರು. ಮಾಂಸದ ಮಾತು ಇರಲಿ, ತತ್ತಿ ಎಂಬ ಶಬ್ದವನ್ನೇ ಊಟದ ಹೊತ್ತಿನಲ್ಲಿ ಆಡುತ್ತಿರಲಿಲ್ಲ. ಅಂಥ ಓಣಿಯಲ್ಲಿ ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಪೂಜೆಯಿಲ್ಲದೆ ನೀರು ಮುಟ್ಟದ ಹೆಣ್ಣುಮಗಳೊಬ್ಬಳು ಹಿತ್ತಲಲ್ಲಿ ಕೋಳಿ ಸಾಕಿದ್ದಾಳೆ ಎಂದರೆ ಬೀಗರು ಬಿಜ್ಜರು ನಂಬುತ್ತಿರಲಿಲ್ಲ. ಹೋಗಿ ಇಣುಕಿ ನೋಡಿ ಬಂದು, ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

ಕಾರಣವನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ನನಗೆ ಹೇಳಿದವರು ನಮ್ಮ ಅತ್ತೆ. ಅವಳ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಹಳೆಯ ಹಾಳುಗೋಡೆ ಇತ್ತು. ಮಣ್ಣು ಉದುರಿ ಬರಿಯ ಕಲ್ಲು ಉಳಿದ ಗೋಡೆ. ಕಲ್ಲಿಗೊಂದು ಚೇಳು. ಬಿಸಿಲು ಏರಿತೆಂದರೆ ಅವು ಇಳಿದು ಮನೆಯೊಳಗೆ ಬರುತ್ತಿದ್ದವು. ಅವಳ ಚೊಚ್ಚಲ ಮಗ ಅಂಬೆಗಾಲಿಡುವ ಕೂಸು. ಗೋಡೆಯ ಬುಡದಲ್ಲಿ ಆಡುತ್ತಿದ್ದಾಗ ಕಡಿಯಿತು. ಮಂತ್ರ ಹಾಕುವವನನ್ನು ಕರೆತರಲು ಓಡಿದವರು ಹಿಂದಿರುಗುವಷ್ಟರಲ್ಲಿ ಕೂಸು ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವಳು ಅತ್ತಳೋ ಇಲ್ಲವೋ ಅತ್ತೆಗೆ ನೆನಪಿಲ್ಲ. ನೆನಪಿರುವುದು ಇಷ್ಟೇ, ಮೂರು ದಿನ ಕಳೆಯುವ ಮೊದಲೇ ಅವಳು ಹೊಲದ ಕಡೆ ಹೋಗಿ ಬುಟ್ಟಿಯಲ್ಲಿ ಕೋಳಿ ತಂದಳು. ತಲೆ ಕೆಟ್ಟಿದೆ ಎಂದರು ಜನ.

"ಮಂತ್ರದವ ಊರಾಗ ಎಲ್ಲಿರ್ತಾನೋ ಏನೋ," ಎಂದಳಂತೆ ಅವಳು. "ಕೋಳಿ ಹಿತ್ತಲ್ದಾಗೇ ಇರ್ತದ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅವಳಿಗೆ ಹಿತ್ತಲ ಕೋಳಿಯೇ ಮದ್ದಾಯಿತು. ಕೋಳಿಗಳು ಗೋಡೆಯ ಸಂದುಗೊಂದು ಕೆದರಿ, ಚೇಳನ್ನು ಕೊಂಡಿ ಸಮೇತ ಎತ್ತಿ ಎರಡು ಸಲ ನೆಲಕ್ಕೆ ಕುಕ್ಕಿ ನುಂಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಹುಟ್ಟಿದ ಮಗಳು ಆ ಮನೆಯಲ್ಲೇ ಬೆಳೆದಳು, ಬದುಕಿದಳು.

ಆದರೆ ಅಂಜಿಕೆ ಅವಳ ಮೈ ಬಿಟ್ಟು ಹೋಗಲಿಲ್ಲ. ಅವಳು ಎಂದೂ ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿರಲಿಲ್ಲ. ಪಡಸಾಲೆಯ ನಟ್ಟನಡುವೆ, ಬೆನ್ನು ನೆಟ್ಟಗೆ ಮಾಡಿ, ಎದ್ದು ಓಡಲು ತಯಾರಾದವಳ ಹಾಗೆ ಕೂಡುತ್ತಿದ್ದಳು. ಕೌದಿ ಜಾಡಿಸದೆ ಹಾಸುತ್ತಿರಲಿಲ್ಲ. ಯಾರಾದರೂ ಬಗಲಲ್ಲಿ ಕೂಸು ಎತ್ತಿಕೊಂಡು ಅವಳ ಮನೆಗೆ ಹೋದರೆ, ಕೂಸನ್ನು ನೆಲಕ್ಕೆ ಬಿಡುವ ಮಾತೇ ಇಲ್ಲ. "ಎತ್ತಬೇ! ಎತ್ತ ಮೊದಲ!" ಎಂದು ಕೂಗಿ, ತಾನೇ ಕಸಿದುಕೊಂಡು ತೊಟ್ಟಿಲಿಗೆ ಹಾಕುತ್ತಿದ್ದಳು. ಕೂಸು ಮನೆಯಲ್ಲಿ ಇರುವಷ್ಟು ಹೊತ್ತು ಅವಳ ಕಣ್ಣು ನಮ್ಮ ಮುಖದ ಮೇಲೆ ಇರುತ್ತಿರಲಿಲ್ಲ, ನೆಲದ ಮೇಲೆ ಓಡಾಡುತ್ತಿತ್ತು. ಗಂಡ ತೀರಿಕೊಂಡು, ಮಗಳನ್ನು ಖಜೂರಿಗೆ ಕೊಟ್ಟು, ಒಬ್ಬಳೇ ಉಳಿದ ಮೇಲೂ ಈ ಚಾಳಿ ಹಾಗೇ ಇತ್ತು. ಹಗಲಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಕೋಳಿ ಸಾಕಿದಳೇ ಹೊರತು ತತ್ತಿ ತಿನ್ನಲಿಲ್ಲ, ಮಾರಲಿಲ್ಲ. ಇಟ್ಟ ತತ್ತಿಯನ್ನೆಲ್ಲ ಕಾವಿಗೆ ಕೂಡಿಸುತ್ತಿದ್ದಳು. ಮರಿ ಹೆಚ್ಚಾದರೆ ಹೊಲದ ಗುಡಿಸಲಿನವರಿಗೆ ಕೊಟ್ಟು, "ಕೊಯ್ಯಬ್ಯಾಡ್ರಬೇ" ಎಂದು ಕೈಯ ಮೇಲೆ ಕೈ ಹಾಕಿಸಿಕೊಳ್ಳುತ್ತಿದ್ದಳು. ಅವರು ಕೊಯ್ದರೋ ಬಿಟ್ಟರೋ ಮತ್ತೆ ವಿಚಾರಿಸುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ನಾ ಕೇಳಿದ್ರ ಅವ್ರು ಸುಳ್ಳು ಹೇಳ್ಬೇಕಾಗ್ತದ. ಆ ಪಾಪ ಬ್ಯಾರೆ ಯಾಕ?" ಎಂದಳು.

ಇಷ್ಟಾದರೂ ಗುಸುಗುಸು ನಿಲ್ಲಲಿಲ್ಲ. ಒಳಗೊಳಗೆ ಬೇಯಿಸಿ ತಿನ್ನುತ್ತಾಳೆ ಎಂದು ಒಬ್ಬಾಕೆ ಬಾವಿಕಟ್ಟೆಯಲ್ಲಿ ಆಡಿದಳು. ಮರುದಿನ ದೊಡ್ಡವ್ವ ತನ್ನ ಅಡಿಗೆಮನೆಯ ಗಡಿಗೆಗಳನ್ನೆಲ್ಲ ಹೊತ್ತುಕೊಂಡು ಹೋಗಿ ಅವಳ ಅಂಗಳದಲ್ಲಿ ಸಾಲಾಗಿ ಇಟ್ಟು, "ಮೂಸ್ರಿ ಅಕ್ಕಾರ. ಚಂದಂಗಿ ಮೂಸ್ರಿ. ಯಾವುದು ನಾರ್ತದ ಅದನ್ನ ಒಡದ ಹಾಕ್ರಿ" ಎಂದು ಕೈಕಟ್ಟಿ ನಿಂತಳು. ಆ ಹೆಂಗಸು ಹೊಸ್ತಿಲು ಬಿಟ್ಟು ಕದಲಲಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ನಾನು ಸೊಸೆಯಾಗಿ ಬರುವ ಮೊದಲಿನ ವರ್ಷ ನಡೆದದ್ದು. ಮಾವನವರು ಮುಂಜಾನೆ ಎಡಗೈಯಲ್ಲಿ ಲಿಂಗ ಹಿಡಿದು ದೇವರ ಜಗಲಿಯ ಮುಂದೆ ಕೂತಿದ್ದಾರೆ. ದೊಡ್ಡವ್ವನ ಕೋಳಿಯೊಂದು ಹಿತ್ತಲ ಬಾಗಿಲಿನಿಂದ ಬಂದು, ನೇರ ಜಗಲಿ ಹತ್ತಿ, ಎಡೆಗಿಟ್ಟ ಅನ್ನಕ್ಕೆ ಬಾಯಿ ಹಾಕಿತು. ಪೂಜೆ ನಡುವೆ ಏಳುವಂತಿಲ್ಲ, ಮಾತಾಡುವಂತಿಲ್ಲ. ಮಾವನವರು ಕೆಂಡದಂಥ ಕಣ್ಣು ಮಾಡಿಕೊಂಡು ಕೂತೇ ಇದ್ದರು. ಕೋಳಿ ತಿಂದು ಮುಗಿಸಿ, ಜಗಲಿಯ ಮೇಲೆ ತನ್ನ ಗುರುತು ಬಿಟ್ಟು ಹೋಯಿತು.

ಅವತ್ತೇ ದೈವ ಕೂಡಿತು. ಕೋಳಿಯನ್ನು ಓಣಿಯಿಂದಲೇ ಹೊರಹಾಕಬೇಕೆಂದು ಕೂಗಾಡಿದವರು ಬಹಳ ಮಂದಿ. ಆದರೆ ಮಗ ಸತ್ತವಳ ಹೊಟ್ಟೆ ಉರಿಸಲು ಮಾವನವರಿಗೆ ಮನಸ್ಸಾಗಲಿಲ್ಲವಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಫೈಸಲಾ ಮಾಡಿದರು: "ಇದ್ದ ಕೋಳಿ ಇರ್ಲಿ. ಅವು ಮಾಡಿದ ಮರಿ ಇರ್ಲಿ. ಹೊರಗಿಂದ ಕೋಳಿ, ಮರಿ, ತತ್ತಿ ಏನೂ ಓಣಿಯೊಳಗ ಬರಬಾರ್ದು. ಪೂಜಾ ಹೊತ್ತಿನ್ಯಾಗ ಕೂಗೂ ಹುಂಜ ಬ್ಯಾಡೇ ಬ್ಯಾಡ. ಕೋಳಿ ಯಾರ ಹೊಸ್ತಿಲಾ ದಾಟ್ತದ, ಆ ಮನೀನ ಕೋಳಿ ಸಾಕಿದವ್ರ ಸಗಣಿಲೆ ಸಾರಿಸಿ ಕೊಡಬೇಕು."

ಹೆಂಗಸರು ದೈವದಲ್ಲಿ ಮಾತಾಡುವಂತಿರಲಿಲ್ಲ. ದೊಡ್ಡವ್ವ ಮೂಲೆಯಲ್ಲಿ ನಿಂತು ಪೂರ್ತಿ ಕೇಳಿದಳು. ಮನೆಗೆ ಹೋಗಿ ಹುಂಜವನ್ನು ಬಗಲಲ್ಲಿ ಇಟ್ಟುಕೊಂಡು ಊರ ಹೊರಗೆ ನಡೆದಳು, ಬರಿಗೈಯಲ್ಲಿ ತಿರುಗಿ ಬಂದಳು. ಬಂದವಳು ನಮ್ಮ ಹಿತ್ತಲ ಗೋಡೆಯ ಮೇಲಿಂದ ಅತ್ತೆಗೆ ಹೇಳಿದಳು: "ಕುತಿಗಿ ಕೊಯ್ಯೂರು ಒಂದೇ ಸಲ ಕೊಯ್ತಾರ್ರಿ. ನಿಮ್ಮ ಯಜಮಾನ್ರು ತಣ್ಣಗ, ಸಾವಕಾಶ ಕೊಯ್ದಾರ. ಭಾಳ ಶಾಣ್ಯಾರು."

ಅವಳ ಮಾತಿನ ಅರ್ಥ ಓಣಿಯ ಹೆಂಗಸರಿಗೆಲ್ಲ ಆಗಿತ್ತು. ನನಗೂ ಕೇಳಿದ ಕೂಡಲೇ ಆಯಿತು. ಇಜೇರಿಯಲ್ಲಿ ನಮ್ಮ ಹೊಲದ ಪಕ್ಕದ ಗುಡಿಸಲಿನಲ್ಲಿ ಕೋಳಿ ನೋಡುತ್ತ ಬೆಳೆದವಳು ನಾನು. ಹುಂಜವಿಲ್ಲದೆ ಮರಿ ಎಲ್ಲಿಂದ? ಇದ್ದವು ಸತ್ತಂತೆ ಹಿತ್ತಲು ಬರಿದಾಗುತ್ತ ಹೋಗಬೇಕು, ದೈವದ ಮೇಲೆ ಮಾತೂ ಬರಬಾರದು. ಎಂಥ ಹಿಕಮತ್ತು ಮಾಡಿದ್ದಾರೆ ಮಾವನವರು ಎಂದು ನಾನೂ ಒಳಗೊಳಗೇ ಅಂಜಿದೆ.

ಸಾರಿಸುವ ಶಿಕ್ಷೆಯನ್ನು ದೊಡ್ಡವ್ವ ತಪ್ಪಿಸಲಿಲ್ಲ. ಒಮ್ಮೆ ನಮ್ಮ ಪಡಸಾಲೆಗೆ ಕೋಳಿ ಬಂತು. ಹಿಂದೆಯೇ ಅವಳು ಸಗಣಿ ಬುಟ್ಟಿ ಹಿಡಿದು ಬಂದಳು. "ಎಲ್ಲಿಂದ ಹಚ್ಚಲಿರಿ?" ಎಂದಳು. ಕೋಳಿ ಕಾಲಿಟ್ಟ ಜಾಗ ಅಂಗೈಯಗಲ. ಅವಳು ಇಡೀ ಪಡಸಾಲೆ ಸಾರಿಸಿದಳು. ಜೋಳದ ಚೀಲಗಳನ್ನು ತಾನೇ ಎಳೆದು ಹಿಂದಿನ ಮೂಲೆಗೂ ಕೈ ಹಾಕಿದಳು. ಅವಳಿಗಿಂತ ಕಿರಿಯರಾದ ನಮ್ಮ ಅತ್ತೆ ಕಂಬ ಹಿಡಿದು ನಿಂತಿದ್ದರು, ಮುಖ ಎತ್ತಲಿಲ್ಲ. ಹೋಗುವಾಗ ದೊಡ್ಡವ್ವ, "ಚೀಲದ ಬುಡಕ ಒಂದು ಚೇಳು ಇತ್ತು. ತಗದೇನ್ರಿ" ಎಂದಷ್ಟೇ ಹೇಳಿದಳು. ಮತ್ತೆ ಅದೇ ರೀ.

ಹುಂಜ ಹೋದ ಮೇಲೆ ಎಣಿಸಿದಂತೆಯೇ ಆಯಿತು. ಒಂದನ್ನು ಹದ್ದು ಒಯ್ದಿತು, ಒಂದು ಮುಂಗುಸಿಯ ಪಾಲಾಯಿತು, ಉಳಿದವು ಮುದಿಯಾಗಿ ಹೋದವು. ಕೊನೆಗೆ ಉಳಿದದ್ದು ಒಂದು ಕರಿ ಕೋಳಿ. ಅದೇ ಹೊತ್ತಿಗೆ ಖಜೂರಿಯಿಂದ ಸುದ್ದಿ ಬಂತು, ಮಗಳು ಬಸುರಿ.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಸೀಮಂತದ ಕುಬಸ ಮಾಡಿ ಮಗಳನ್ನು ಕರೆತರಬೇಕು. ಆದರೆ ಖಜೂರಿಯ ಬೀಗರು ಖಡಾಖಂಡಿತ ಹೇಳಿ ಕಳಿಸಿದರು. ಅದು ಚೇಳಿನ ಮನೆ, ಒಂದು ಕೂಸನ್ನು ತಿಂದ ಮನೆ, ಬಸುರಿಯನ್ನು ಅಲ್ಲಿಗೆ ಕಳಿಸುವುದಿಲ್ಲ, ಬಾಣಂತನ ನಾವೇ ಮಾಡುತ್ತೇವೆ. ದೊಡ್ಡವ್ವ ತಿರುಗಿ ಹೇಳಿ ಕಳಿಸಿದಳು: "ನನ್ನ ಹಿತ್ತಲ್ದಾಗ ಕೋಳಿ ಅವ. ಬಂದು ಕಣ್ಣಿಲೆ ನೋಡ್ರಿ." ಅಮಾವಾಸ್ಯೆ ಕಳೆದ ಮೇಲೆ ಬಂದು ನೋಡುತ್ತೇವೆ ಎಂದರು ಅವರು.

ಅಮಾವಾಸ್ಯೆಗೆ ತಿಂಗಳೂ ಇರಲಿಲ್ಲ. ಹಿತ್ತಲಲ್ಲಿ ಇದ್ದದ್ದು ಒಂದೇ ಕೋಳಿ, ಅದೂ ಕಾವಿಗೆ ಕೂತಿತ್ತು. ಜೀವವಿಲ್ಲದ ತತ್ತಿಗಳ ಮೇಲೆ ರೆಕ್ಕೆ ಹರಡಿ ಕೂತದ್ದು ಏಳಲೊಲ್ಲದು. ತತ್ತಿ ತೆಗೆದರೆ ಬರಿಯ ಬುಟ್ಟಿಯ ಮೇಲೆ ಕೂಡುತ್ತಿತ್ತು. ಕಾಳು ಮುಟ್ಟದೆ ಜುಟ್ಟು ಬಿಳಿಚಿಕೊಂಡಿತ್ತು. ಅದೂ ಸತ್ತರೆ ಕತೆ ಮುಗಿಯಿತು. ಗೋಡೆಯಾಚೆಯಿಂದ ಅವಳು ಅದನ್ನು ಬೈಯುವುದು ನಮಗೆ ಕೇಳುತ್ತಿತ್ತು. "ಏಳಬೇ ಹಾಟ್ಯಾಕಿ. ಯಾರ ಸಲುವಾಗಿ ಕೂತಿ? ಏನೂ ಬರಂಗಿಲ್ಲ, ಏಳು. ಉಣ್ಣು." ಬೈಗುಳದ ನಡುವೆ ಅವಳ ದನಿ ಒಡೆಯುತ್ತಿತ್ತು. ಅತ್ತೆ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು.

ಒಂದು ದಿನ ಪೂಜೆಯ ಹೊತ್ತು ಮೀರಿ, ದೈವದವರು ಬೇರೆ ಯಾವುದೋ ಮಾತಿಗೆ ಕಟ್ಟೆಯ ಮೇಲೆ ಕೂಡಿದ್ದರು. ದೊಡ್ಡವ್ವ ಬುಟ್ಟಿ ಹೊತ್ತುಕೊಂಡು ಬಂದಳು. ನೋಡುತ್ತಿದ್ದಂತೆ ಕಟ್ಟೆಯ ಮೇಲೆ, ಮಾವನವರ ಮುಂದೆಯೇ ಇಟ್ಟಳು. ಕರಿ ಕೋಳಿ ಒಳಗೆ ಮಿಸುಕದೆ ಕೂತಿತ್ತು. ನಾನೂ ಅತ್ತೆಯೂ ಬಾಗಿಲ ಸಂದಿಗೆ ಮುಖ ಒತ್ತಿ ನಿಂತೆವು.

"ಶರಣು ಹಿರಿಯರಿಗಿ," ಎಂದಳು. "ದೈವದಾಗ ಹೆಣ್ಣಮಕ್ಕಳು ಮಾತಾಡಬಾರ್ದಂತ ಗೊತ್ತದ್ರಿ. ನಾ ಮಾತಾಡಂಗಿಲ್ಲ, ಕೇಳ್ತೇನಿ. ಇದ್ದ ಕೋಳಿ ಇರ್ಲಿ, ಅವು ಮಾಡಿದ ಮರಿ ಇರ್ಲಿ ಅಂದಿದ್ರಿ. ಹೌದಲ್ರಿ?"

"ಹೌದವ್ವ," ಎಂದರು ಮಾವನವರು. "ಅದರಾಗ ಏನು ತಕರಾರು?"

"ತಕರಾರು ನಂದಲ್ರಿ, ಈಕಿದು. ಕಾವಿಗಿ ಕೂತಾಳ. ಕೂಳ ನೀರ ಬಿಟ್ಟಾಳ. ನಾ ಹೇಳಿದ್ರ ಕೇಳವಲ್ಲಳು. ಕಾಯಿದೆ ಮಾಡಿದವ್ರು ನೀವು, ನೀವ ಹೇಳ್ರಿ ಈಕಿಗಿ, ಮರಿ ಬರಂಗಿಲ್ಲ, ಏಳು ಅಂತ."

"ಯಾಕ ಬರಂಗಿಲ್ಲ?" ಎಂದರು ಮಾವನವರು.

ಕಟ್ಟೆಯ ಮೇಲಿದ್ದ ಒಬ್ಬರು ಕೆಮ್ಮಿದರು. ಇನ್ನೊಬ್ಬರು ಬೇವಿನ ಮರದಲ್ಲಿ ಏನೋ ಕಂಡವರಂತೆ ಮೇಲೆ ನೋಡತೊಡಗಿದರು. ಎಣ್ಣೆ ವ್ಯಾಪಾರದ ಹಿರಿಯರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

"ತತ್ತಿಗಿ ಬಿಸಿಲು ಬಡದದೇನು? ನೆಳ್ಳಾಗ ಇಟ್ಟಿದ್ದಿಲ್ಲೇನು?" ಮಾವನವರು ನಿಜವಾಗಿ ವಿಚಾರಿಸುತ್ತಿದ್ದರು. ಮುಖದಲ್ಲಿ ಕುಚೇಷ್ಟೆಯ ಗೆರೆಯೂ ಇರಲಿಲ್ಲ.

ದೊಡ್ಡವ್ವ ಅವರನ್ನೇ ನೋಡಿದಳು. ಒಂದು ವರ್ಷದಿಂದ ಕೂಡಿಟ್ಟ ಮಾತುಗಳನ್ನು ಆಕೆ ಸಾಲಾಗಿ ಜೋಡಿಸಿಕೊಂಡು ಬಂದಿದ್ದಳು, ನಿಂತ ನಿಲುವಿನಲ್ಲೇ ಅದು ತಿಳಿಯುತ್ತಿತ್ತು. ಅವೆಲ್ಲ ಈಗ ಕೆಲಸಕ್ಕೆ ಬಾರದಾದವು. ನನಗೂ ಆ ಗಳಿಗೆಯಲ್ಲಿ ಹೊಳೆಯಿತು. ಹಿಕಮತ್ತು ಅಲ್ಲ, ಏನೂ ಅಲ್ಲ. ಈ ಮನುಷ್ಯನಿಗೆ ಗೊತ್ತೇ ಇಲ್ಲ. ಹುಂಜ ಎಂದರೆ ಕೂಗುವುದಕ್ಕೆ ಮಾತ್ರ ಇರುವ ಪ್ರಾಣಿ ಎಂದು ತಿಳಿದಿದ್ದಾರೆ. ಅವಳ ಮೇಲೆ ಕರುಣೆಯಿಟ್ಟು ಫೈಸಲಾ ಮಾಡಿದೆನೆಂದು ವರ್ಷವಿಡೀ ನೆಮ್ಮದಿಯಿಂದ ನಿದ್ದೆ ಮಾಡಿದ್ದಾರೆ.

"ನಿನಗ ಖರೇನ ಗೊತ್ತಿಲ್ಲೇನೋ ಅಪ್ಪ?" ಎಂದಳು ದೊಡ್ಡವ್ವ, ಬಹಳ ಮೆಲ್ಲಗೆ.

"ಏನು ಗೊತ್ತಿಲ್ಲ?"

ಹೇಳುವುದು ಹೇಗೆ? ಅಷ್ಟು ಗಂಡಸರ ನಡುವೆ, ಗಂಡ ಸತ್ತ ಹೆಣ್ಣುಮಗಳು. ಗೊತ್ತಿದ್ದ ಗಂಡಸರು ನೆಲ ನೋಡುತ್ತ ಕೂತಿದ್ದರು. ಅವಳು ಬುಟ್ಟಿ ಎತ್ತಿಕೊಂಡಳು. "ಅಮಾಸಿ ಆದಮ್ಯಾಲ ಖಜೂರಿಯವರು ಬರ್ತಾರ. ಹಿತ್ತಲ್ದಾಗ ಕೋಳಿ ಕಾಣಲಿಲ್ಲಂದ್ರ ನನ್ನ ಮಗಳ್ನ ಕಳಸಂಗಿಲ್ಲ. ಇಷ್ಟ ತಿಳ್ಕೋ" ಎಂದು ಹೇಳಿ ಹೋದಳು.

ಮಾವನವರು ಮಧ್ಯಾಹ್ನ ಊಟಕ್ಕೆ ಕೂತಾಗ ಮುಖ ಕಪ್ಪಿಟ್ಟಿತ್ತು. ಊರಿಗೆಲ್ಲ ಗೊತ್ತಿದ್ದ ಯಾವುದೋ ಮಾತು ತಮಗೊಬ್ಬರಿಗೇ ಗೊತ್ತಿಲ್ಲ ಎಂಬುದು ಮಾತ್ರ ಅವರಿಗೆ ಗೊತ್ತಾಗಿತ್ತು. ಹೆಂಡತಿಯನ್ನು ಕೇಳಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ನನ್ನ ಕೇಳಬ್ಯಾಡ್ರಿ" ಎಂದರು. ಮತ್ತೆ ಕೇಳಿದರು, ಈ ಸಲ ದನಿ ಏರಿತ್ತು. ಅತ್ತೆ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಆ ಮನೆಯಲ್ಲಿ ಮಾವನವರ ಎದುರು ನಾನು ಅಲ್ಲಿಯವರೆಗೆ ಒಂದು ಅಕ್ಷರ ಆಡಿದವಳಲ್ಲ. ಏನಿದ್ದರೂ ಅತ್ತೆಯ ಮೂಲಕ. ಆದರೆ ನನ್ನ ಸ್ವಭಾವವೇ ಹಾಗೆ, ತಡೆದು ತಡೆದು ಒಮ್ಮೆ ಸಿಡಿಯುವುದು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಹೆಂಚಿಗೆ ಹೇಳಿದಂತೆ ಹೇಳಿಬಿಟ್ಟೆ: "ಹೋರಿ ಇಲ್ದ ಆಕಳ ಗಬ್ಬ ಆಗ್ತದೇನ್ರಿ ಮಾವಾರ?"

ಅತ್ತೆಯ ಕೈಯಿಂದ ತಂಬಿಗೆ ಜಾರಿತು.

ಮಾವನವರು ನನ್ನನ್ನಲ್ಲ, ಕಂಬವನ್ನು ಕೇಳಿದರು: "ತತ್ತಿ ಇಡ್ತದಲ್ಲ ಮತ್ತ? ಹುಂಜ ಹೋಗಿ ವರ್ಷಾತು, ತತ್ತಿ ಇಡಾಕತ್ತದಲ್ಲ?"

"ತತ್ತಿ ಇಡ್ತದ್ರಿ. ಅದರಾಗ ಜೀವ ಇರಂಗಿಲ್ರಿ."

ಅವರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟರು. ಕೈ ತೊಳೆದರು. ರುಮಾಲು ಸುತ್ತಿಕೊಂಡು, ಕೆರ ಮೆಟ್ಟಿ, ಉರಿಬಿಸಿಲಿನಲ್ಲಿ ಹೊರಟುಹೋದರು.

"ಇನ್ನ ನಿನ್ನ ಇಜೇರಿಗಿ ಕಳಸ್ತಾರ ನೋಡು. ಹೆಣ್ಣಮಗಳು ಆಡೂ ಮಾತೇನ ಅದು?" ಎಂದರು ಅತ್ತೆ. ಬಡಿಯುತ್ತಿದ್ದ ರೊಟ್ಟಿ ಹರಿಯಿತು. ಹೊತ್ತು ಇಳಿಯುವವರೆಗೆ ನಾವಿಬ್ಬರೂ ನೀರು ಕುಡಿಯಲಿಲ್ಲ. ದೈವ ಕೂಡಿಸಿ ಅವಳ ಕೋಳಿಯನ್ನು ಓಡಿಸುತ್ತಾರೋ, ನನ್ನನ್ನು ಗಾಡಿ ಹತ್ತಿಸುತ್ತಾರೋ ತಿಳಿಯದು.

ಬಿಸಿಲು ತುಸು ಬಾಗಿದಾಗ ಓಣಿಯಲ್ಲಿ ಗದ್ದಲವಾಯಿತು. ಬಾಗಿಲಿಗೆ ಓಡಿದೆವು. ಮಾವನವರು ಬರುತ್ತಿದ್ದರು. ಬರಿಯ ತಲೆ. ಮೈಮೇಲೆ ಅಂಗಿ ಇಲ್ಲದಿದ್ದರೂ ತಲೆಯ ಮೇಲೆ ರುಮಾಲು ಇಲ್ಲದೆ ಅವರು ಹೊಸ್ತಿಲು ದಾಟಿದ್ದನ್ನು ಓಣಿ ಕಂಡಿರಲಿಲ್ಲ. ಆ ರುಮಾಲು ಈಗ ಗಂಟಾಗಿ ಅವರ ಎರಡೂ ಕೈಯಲ್ಲಿತ್ತು. ಎಳೆಗೂಸನ್ನು ಹಿಡಿದವರಂತೆ ಎದೆಗೆ ಹತ್ತಿರ ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆ ನೋಡಿಕೊಂಡು ಬರುತ್ತಿದ್ದರು.

ಕಟ್ಟೆಯ ಮೇಲಿದ್ದವರು ಎದ್ದು ನಿಂತರು. "ಗೌಡ್ರ, ಏನ್ರಿ ಅದು ರುಮಾಲದಾಗ?"

"ತತ್ತಿ."

ಎಣ್ಣೆ ವ್ಯಾಪಾರದವರು ಒಂದು ಹೆಜ್ಜೆ ಹಿಂದೆ ಸರಿದರು. "ಹೊರಗಿಂದ ತರಬಾರ್ದಂತ ದೈವದ ಮಾತದಲ್ರಿ? ನೀವ ಆಡಿದ್ದು."

"ನನಗ ಗೊತ್ತಿಲ್ಲದ್ದರ ಮ್ಯಾಲ ನಾ ಕಾಯಿದೆ ಮಾಡ್ದೆ," ಎಂದರು ಮಾವನವರು. "ಗೊತ್ತಿದ್ದವ್ರು ನೀವು ನಾಚಿ ಬಾಯಿ ಮುಚ್ಕೊಂಡು ಕೂತ್ರಿ. ಯಾರದು ತಪ್ಪಂತ ಆಮ್ಯಾಲ ಕೂಡಿ ಮಾತಾಡೋಣಂತ. ಈಗ ದಾರಿ ಬಿಡ್ರಿ, ಒಡದಾವು."

ದಾರಿ ಬಿಟ್ಟರು. ಮಾವನವರು ಮೂಲೆಮನೆಯ ಹೊಸ್ತಿಲ ಮುಂದೆ ನಿಂತರು. ದೊಡ್ಡವ್ವ ಹೊರಗೆ ಬಂದಳು. ಅವರು ರುಮಾಲಿನ ಗಂಟನ್ನು ಮುಂದೆ ಚಾಚಿ, ಪಾಠ ಕೇಳುವ ಹುಡುಗನ ಹಾಗೆ ಕೇಳಿದರು: "ಇವನ್ನ ಹ್ಯಾಂಗ ಇಡ್ತಾರವ್ವ? ಯಾವ ಕಡಿ ಮ್ಯಾಲ ಮಾಡಿ?"

"ಕೊಡು ಇಲ್ಲಿ. ಒಡದಗಿಡದೀ," ಎಂದಳು ಅವಳು. ಗಂಟನ್ನು ಇಸಿದುಕೊಂಡು ಬಗಲಿಗೆ ಆನಿಸಿಕೊಂಡಳು.

"ನಮ್ಮ ಹೊಲದ ಗುಡಿಸಲಿನ್ಯಾಗ ಸಿಕ್ಕಾವ. ಅಲ್ಲಿ ಒಂದು ಹುಂಜ ಅದ. ನಿನ್ನದಂತಲ್ಲ?" ಎಂದರು ಮಾವನವರು. "ವರ್ಷಾತು ನಮ್ಮ ಹೊಲದಾಗ ಕೂಗಾಕತ್ತದ. ನಾ ಒಂದಿನ ಕೇಳಲಿಲ್ಲ ಅದು ಯಾರದಂತ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಹಿತ್ತಲಿಗೆ ಹೋದಳು.

ಮುಂದಿನ ಮೂರು ವಾರ ನಮ್ಮ ಓಣಿಗೆ ಬೇರೆ ಮಾತಿರಲಿಲ್ಲ. ಕರಿ ಕೋಳಿ ಮೊದಲೇ ಸೊರಗಿತ್ತು. ಮತ್ತೆ ಅಷ್ಟು ದಿನ ಕೂಡುವ ಕಸುವು ಅದರಲ್ಲಿ ಉಳಿದಿದೆಯೋ ಇಲ್ಲವೋ. ದೊಡ್ಡವ್ವ ದಿನಾ ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ನೆನೆಸಿದ ಜೋಳದ ನುಚ್ಚನ್ನು ಕೊಕ್ಕಿಗೆ ಹಿಡಿಯುತ್ತಿದ್ದಳು. ಹಿಂದೆ ಮೂಗು ಮುಚ್ಚಿಕೊಳ್ಳುತ್ತಿದ್ದ ಹೆಂಗಸರು ಈಗ ಬಾವಿಗೆ ಹೋಗುವಾಗ, "ಉಂಡಳೇನ್ರಿ?" ಎಂದು ಕೇಳುತ್ತಿದ್ದರು. ಮಾವನವರು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಪೂಜೆ ಮುಗಿಸಿ ಹಿತ್ತಲಿಗೆ ಹೋಗಿ, ಗೋಡೆಯ ಹತ್ತಿರ ಸುಮ್ಮನೆ ನಿಂತು ಬರುತ್ತಿದ್ದರು. ನನ್ನ ಕೂಡ ಅವರು ಅವತ್ತಿನ ಮಾತು ಎತ್ತಲಿಲ್ಲ. ಊಟಕ್ಕೆ ಕೂತಾಗ ಮಾತ್ರ, "ಆಕಿ ಬಡದ ರೊಟ್ಟಿ ನೀಡು" ಎಂದು ಅತ್ತೆಗೆ ಹೇಳತೊಡಗಿದರು.

ಅರ್ಧಕ್ಕರ್ಧ ತತ್ತಿ ಕೆಟ್ಟವು. ಉಳಿದವು ಮರಿಯಾದವು. ಅವಕ್ಕೆ ಇನ್ನೂ ಕಾಲು ಬಲಿತಿರಲಿಲ್ಲ, ಖಜೂರಿಯ ಬೀಗಿತಿ ಬಂದಿಳಿದಳು. ಹಿತ್ತಲಿಗೆ ಹೋಗಿ ಹಾಳುಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು, ಬಡಕಲು ಕೋಳಿಯನ್ನು ನೋಡಿದಳು, ಅದರ ರೆಕ್ಕೆಯಿಂದ ಇಣುಕುವ ಮರಿಗಳನ್ನು ನೋಡಿದಳು. "ಇವೇನ ಕಾಯ್ತಾವ್ರಿ? ಇವನ್ನ ಕಾಯಾಕ ಒಬ್ಬರು ಬೇಕು" ಎಂದಳು. ದೊಡ್ಡವ್ವನ ಮುಖ ಒಣಗಿ ಹೋಯಿತು.

ಆಗ ಗೋಡೆಯಾಚೆಯಿಂದ ಮಾವನವರ ದನಿ ಬಂತು: "ಮರಿ ಬಲಿಯೂತನ ಈ ಗ್ವಾಡಿ ಕಾಯೂದು ನಮ್ಮ ಜಿಮ್ಮಾ ಅವ್ವ. ನಾಳಿಗಿ ಆಳು ಹಚ್ಚಿ ಸಂದಿಗೆಲ್ಲ ಮಣ್ಣು ಮೆತ್ತಸ್ತೇನಿ. ಆಮ್ಯಾಲ ಕೋಳಿ ಅವ. ನಿಮ್ಮ ಸೊಸಿನ್ನ ಕಳಸ್ರಿ." ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಹಿರಿಯರೊಬ್ಬರು ಕೋಳಿಯ ಪರವಾಗಿ ಮಾತು ಕೊಡುವುದನ್ನು ಬೀಗಿತಿ ಹಿಂದೆ ಕೇಳಿರಲಿಲ್ಲ. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು, "ಆತ್ರಿ" ಎಂದಳು.

ಮಗಳು ಬಂದಳು. ಹೆಣ್ಣು ಕೂಸು ಹುಟ್ಟಿತು. ಹುಂಜದ ಕಾಯಿದೆಯನ್ನು ದೈವ ಹಿಂದೆ ತೆಗೆದುಕೊಳ್ಳಲೂ ಇಲ್ಲ, ಯಾರೂ ನೆನಪು ಮಾಡಿಕೊಳ್ಳಲೂ ಇಲ್ಲ. ಆ ಮರಿಗಳಲ್ಲಿ ಒಂದು ಹುಂಜವಾಗಿ, ಒಂದು ಮುಂಜಾನೆ ಬಿರುಸಾಗಿ ಕೂಗಿತು. ಮಾವನವರು ಪೂಜೆಗೆ ಕೂತಿದ್ದರು. ಅತ್ತೆಯೂ ನಾನೂ ಅಡಿಗೆಮನೆಯಿಂದ ಇಣುಕಿದೆವು. ಪೂಜೆ ಮುಗಿಸಿ ಎದ್ದ ಅವರು, "ದನಿ ಇನ್ನಾ ಕುದರಿಲ್ಲ ಅದಕ್ಕ" ಎಂದಷ್ಟೇ ಹೇಳಿ ಹೊಲಕ್ಕೆ ಹೋದರು.

ಬಾಣಂತಿ ಖಜೂರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಕೂಸು ಬೋರಲು ಬೀಳುವುದನ್ನು ಕಲಿತಿತ್ತು. ಒಂದು ಮಧ್ಯಾಹ್ನ ಹೆಪ್ಪಿಗೆ ಮಜ್ಜಿಗೆ ಕೇಳಲು ನಾನು ಅವರ ಮನೆಗೆ ಹೋದೆ. ತೊಟ್ಟಿಲು ಖಾಲಿ ತೂಗಾಡುತ್ತಿತ್ತು. ಪಡಸಾಲೆಯ ನೆಲದ ಮೇಲೆ ಕೌದಿ, ಕೌದಿಯ ಮೇಲೆ ಕೂಸು ಕೈಕಾಲು ಬಡಿಯುತ್ತ ಆಡುತ್ತಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಕರಿ ಕೋಳಿ ಕೂತಿತ್ತು, ಅದರಾಚೆ ಅಂಗಳದ ತುಂಬ ಬಲಿತ ಮರಿಗಳು ಕೆದರುತ್ತಿದ್ದವು.

ನನ್ನ ಬಾಯಿಂದ "ದೊಡ್ಡವ್ವ" ಎಂದು ಹೊರಡುವುದರಲ್ಲಿತ್ತು. ಮಗಳು ಒಳಗಿನಿಂದ ಬಂದು ತುಟಿಯ ಮೇಲೆ ಬೆರಳಿಟ್ಟು, ಮೂಲೆಯ ಕಡೆ ತೋರಿಸಿದಳು.

ದೊಡ್ಡವ್ವ ಗೋಡೆಗೆ ಬೆನ್ನು ಹಚ್ಚಿ, ಕಾಲು ಚಾಚಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಮಗಳ ಕಣ್ಣು ತುಂಬಿತ್ತು. ನನಗೂ ಅಳು ತಡೆಯಲಾಗಲಿಲ್ಲ. ಇಬ್ಬರೂ ಸೆರಗಿನಲ್ಲಿ ಮುಖ ಒರೆಸಿಕೊಂಡು ನೋಡುತ್ತ ನಿಂತೆವು. ಮಜ್ಜಿಗೆ ಕೇಳದೆಯೇ ನಾನು ಮೆಲ್ಲಗೆ ಮನೆಗೆ ಬಂದೆ.